ಕೇಳದೆ ಮಾಡಿದ ಉಪಕಾರ

2018ರ ಡಿಸೆಂಬರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಏರ್ಪಡಿಸಿದ್ದ ಗುರುವಂದನಾ ಕಾರ್ಯಕ್ರಮದ ಬಗ್ಗೆ ಈ ಹಿಂದೆಯೂ ಬರೆದಿದ್ದೇನೆ. ಹಾರ, ಶಾಲು, ಫಲತಾಂಬೂಲ, ಭಾಷಣಗಳು ಎಲ್ಲವನ್ನೂ ವರ್ಣಿಸಿದ್ದೆ. ಆದರೆ ಎಲ್ಲರೂ ಊಟಕ್ಕೆ ಏಳುವ ಹೊತ್ತಿನಲ್ಲಿ ನಡೆದ ಒಂದು ಮಾತುಕತೆಯನ್ನು ಮಾತ್ರ ಬರೆದಿರಲಿಲ್ಲ. ಬರೆಯುವ ಧೈರ್ಯ ಇರಲಿಲ್ಲ ಎಂದರೆ ಸರಿಯಾದೀತು.

1988ರ ಎಸ್.ಎಸ್.ಎಲ್.ಸಿ. ತಂಡದ ಒಬ್ಬ ವಿದ್ಯಾರ್ಥಿ ಊರುಗೋಲಿನೊಂದಿಗೆ ನಿಧಾನವಾಗಿ ನನ್ನ ಬಳಿಗೆ ಬಂದ. ಎಳವೆಯಲ್ಲಿ ಪೋಲಿಯೊ ತಗುಲಿ ಎರಡೂ ಕಾಲುಗಳ ಶಕ್ತಿ ಕುಂದಿದ್ದ ಹುಡುಗ. ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ಶಾಲೆಗೆ ಬರುತ್ತಿದ್ದ. ಲೆಕ್ಕದಲ್ಲಿ ಜಾಣ. ಈಗ ಸರ್ಕಾರಿ ಕಚೇರಿಯೊಂದರಲ್ಲಿ ನೌಕರ. ಕಾಲಿಗೆ ಬೀಳಲು ಹೋದವನನ್ನು ತಡೆದು ಪಕ್ಕದಲ್ಲಿ ಕೂರಿಸಿಕೊಂಡೆ.

"ಸಾರ್, ನೀವು ಹೇಳಿದ ದಾರೀಲೇ ಹೋದೆ. ನೌಕರಿ ಸಿಕ್ತು, ಮನೆ ಕಟ್ಟಿದೆ, ಮಗಳು ಇಂಜಿನಿಯರಿಂಗ್ ಓದ್ತಿದಾಳೆ. ಯಾವ ಕೊರತೇನೂ ಇಲ್ಲ. ಆದ್ರೆ ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರದು" ಎಂದ.

"ಕೇಳಪ್ಪ" ಎಂದೆ.

"ರಿಸಲ್ಟ್ ಬಂದ ದಿನ ನೀವೂ ಅಪ್ಪನೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನನ್ನ ವಿಷಯ ಮಾತಾಡಿದ್ರಿ. ನಾನು ಪಕ್ಕದಲ್ಲೇ ಇದ್ದೆ. ನಿನಗೇನು ಓದ್ಬೇಕು ಅಂತ ಇದೆ ಅಂತ ನನ್ನನ್ನ ಕೇಳ್ಲೇ ಇಲ್ವಲ್ಲ ಸಾರ್."

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಅವನ ತಂದೆ ಒಕ್ಕಲುತನದವರು. "ಮೇಷ್ಟ್ರೇ, ಇವನನ್ನ ಮುಂದೆ ಏನ್ ಓದಿಸ್ಲಿ?" ಎಂದು ಕೇಳಿದ್ದರು. "ಪಾಲಿಟೆಕ್ನಿಕ್ ಗೀಲಿಟೆಕ್ನಿಕ್ ಬೇಡ ಗೌಡ್ರೇ, ವರ್ಕ್‌ಶಾಪಿನಲ್ಲಿ ನಿಂತು ಕೆಲಸ ಮಾಡಬೇಕಾಗುತ್ತೆ. ಪಾಪ, ಇವನಿಂದ ಆಗೋದಲ್ಲ. ಟೈಪಿಂಗ್ ಕಲಿಸಿ. ಅಂಗವಿಕಲರ ಮೀಸಲಾತಿಯಲ್ಲಿ ಎಲ್ಲಾದರೂ ಗುಮಾಸ್ತೆ ಕೆಲಸ ಸಿಗುತ್ತೆ" ಎಂದಿದ್ದೆ. ಒಂದು ಬಡ ಕುಟುಂಬಕ್ಕೆ ಒಳ್ಳೆಯ ದಾರಿ ತೋರಿಸಿದೆನೆಂಬ ತೃಪ್ತಿಯಿಂದ ಅಂದು ಮನೆಗೆ ಹೋಗಿದ್ದೆ.

"ಏನು ಓದಬೇಕೂಂತಿತ್ತು?" ಎಂದು ಮೂವತ್ತು ವರ್ಷಗಳ ನಂತರ ಕೇಳಿದೆ.

"ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಸಾರ್. ಆವಾಗ್ಲೇ ರೇಡಿಯೊ ಬಿಚ್ಚಿ ಜೋಡಿಸ್ತಿದ್ದೆ. ಬೆಸುಗೆ ಹಾಕೋದು ಕೂತ್ಕೊಂಡು ಮಾಡೋ ಕೆಲಸ ಅಲ್ವಾ ಸಾರ್" ಎಂದು ನಕ್ಕ.

ಆ ನಗುವಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. ಅಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಅಂಗವಿಕಲರ ಹಕ್ಕುಗಳ ಚರಿತ್ರೆಯನ್ನು ಹುಡುಕಿ ಓದತೊಡಗಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಬೋಧಿಸಿದವನು ನಾನು. ಫ್ರಾನ್ಸಿನ ಕ್ರಾಂತಿ, ಅಮೆರಿಕದ ಕಪ್ಪು ಜನರ ಹೋರಾಟ, ನಮ್ಮ ಸ್ವಾತಂತ್ರ್ಯ ಚಳವಳಿ ಎಲ್ಲವನ್ನೂ ಪಾಠ ಮಾಡಿದ್ದೇನೆ. ಆದರೆ ನನ್ನ ವಿದ್ಯಾರ್ಥಿಯ ಪ್ರಶ್ನೆಯನ್ನೇ ಕೇಳಿದ ಇನ್ನೊಂದು ಚಳವಳಿ ನಾನು ಹುಟ್ಟಿದ ಕಾಲಕ್ಕೇ ಚಿಗುರತೊಡಗಿತ್ತೆಂಬುದು ನನಗೆ ತಿಳಿದಿರಲಿಲ್ಲ. ಆ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

1962ರ ಶರತ್ಕಾಲದಲ್ಲಿ ಜೇಮ್ಸ್ ಮೆರಿಡಿತ್ ಎಂಬ ಕಪ್ಪು ಯುವಕ ಸೈನಿಕರ ಕಾವಲಿನಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯವನ್ನು ಪ್ರವೇಶಿಸಿದ್ದನ್ನು ಚರಿತ್ರೆ ಓದಿದವರೆಲ್ಲ ಬಲ್ಲರು. ಅದೇ ಶರತ್ಕಾಲದಲ್ಲಿ, ದೇಶದ ಇನ್ನೊಂದು ತುದಿಯಾದ ಕ್ಯಾಲಿಫೋರ್ನಿಯಾದಲ್ಲಿ, ಎಡ್ ರಾಬರ್ಟ್ಸ್ ಎಂಬ ಯುವಕ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೆ ಸೇರಿದ. ಅವನಿಗೆ ಸೈನಿಕರ ಕಾವಲಿರಲಿಲ್ಲ. ಆದರೆ ಅವನ ಪಾಲಿಗೂ ಬಾಗಿಲು ತಾನಾಗಿ ತೆರೆದಿರಲಿಲ್ಲ.

ಎಡ್ ಹುಟ್ಟಿದ್ದು 1939ರಲ್ಲಿ. ಆಟೋಟಗಳಲ್ಲಿ ಮುಂದಿದ್ದ ಹುಡುಗನಿಗೆ 1953ರಲ್ಲಿ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಪೋಲಿಯೊ ತಗುಲಿತು. ಡಾ. ಸಾಲ್ಕ್ ಅವರ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ. ಎರಡು ವರ್ಷ ಮೊದಲು ಬಂದಿದ್ದರೆ ಅವನ ಬದುಕೇ ಬೇರೆಯಾಗುತ್ತಿತ್ತು. ಕತ್ತಿನಿಂದ ಕೆಳಗೆ ಒಂದು ಕೈಯ ಎರಡು ಬೆರಳು ಮತ್ತು ಕಾಲಿನ ಕೆಲವು ಬೆರಳುಗಳನ್ನು ಬಿಟ್ಟರೆ ಏನೂ ಆಡದಾಯಿತು. ಉಸಿರಾಟಕ್ಕೆ 'ಐರನ್ ಲಂಗ್' ಎಂಬ ಯಂತ್ರವೇ ಗತಿ. ರೋಗಿಯ ತಲೆ ಮಾತ್ರ ಹೊರಗಿದ್ದು, ಉಳಿದ ಮೈಯೆಲ್ಲ ಒಳಗಿರುವ ದೊಡ್ಡ ಉಕ್ಕಿನ ಉರುಳೆ ಅದು. ಒಳಗಿನ ಗಾಳಿಯ ಒತ್ತಡವನ್ನು ಏರಿಳಿಸಿ ಎದೆಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಹಗಲಿನಲ್ಲಿ ಕೆಲವು ಗಂಟೆಗಳ ಕಾಲ ಗುಟುಕು ಗುಟುಕಾಗಿ ಗಾಳಿ ನುಂಗಿ ಹೊರಗಿರುವುದನ್ನು ಅವನು ಕ್ರಮೇಣ ರೂಢಿಸಿಕೊಂಡ.

ಮಗ ಬದುಕಿದರೂ ತರಕಾರಿಯಂತೆ ಬಿದ್ದಿರುತ್ತಾನೆ ಎಂದು ವೈದ್ಯರೊಬ್ಬರು ತಾಯಿಗೆ ಹೇಳಿದ್ದನ್ನು ಎಡ್ ಕೇಳಿಸಿಕೊಂಡಿದ್ದ. ಮುಂದೆ ಭಾಷಣಗಳಲ್ಲಿ ಈ ಪ್ರಸಂಗ ಹೇಳಿ, ತರಕಾರಿಯೇ ಆಗುವುದಾದರೆ ನಾನು ಆರ್ಟಿಚೋಕ್ ಆಗುತ್ತೇನೆ, ಹೊರಗೆ ಮುಳ್ಳು, ಒಳಗೆ ಮೃದುವಾದ ತಿರುಳು ಎಂದು ಜನರನ್ನು ನಗಿಸುತ್ತಿದ್ದ. ಅಂದು ಮಾತ್ರ ಅದು ನಗೆಯ ವಿಷಯವಾಗಿರಲಿಲ್ಲ. ಹುಡುಗ ಊಟ ಬಿಟ್ಟ. ಒತ್ತಾಯದಿಂದ ತಿನ್ನಿಸುತ್ತಿದ್ದ ದಾದಿಯರ ಪೈಕಿ ಕೊನೆಯವಳೂ ಹೊರಟುಹೋದ ಮೇಲೆ, ಬದುಕಬೇಕೆಂದು ತಾನೇ ನಿಶ್ಚಯಿಸಿ ಉಣ್ಣತೊಡಗಿದ. ಬದುಕು ತನ್ನದು, ತೀರ್ಮಾನವೂ ತನ್ನದು ಎಂಬ ಅರಿವು ಅವನಿಗೆ ಮೊದಲು ಬಂದದ್ದು ಅಲ್ಲಿಯೇ.

ಪ್ರೌಢಶಾಲೆಯ ಪಾಠಗಳನ್ನು ಅವನು ಬಹುಪಾಲು ಮನೆಯಿಂದಲೇ, ದೂರವಾಣಿಯ ಮೂಲಕ ಕೇಳಿದ. ನಮ್ಮ ಮಕ್ಕಳು ಕೊರೋನಾ ಕಾಲದಲ್ಲಿ ಮೊಬೈಲಿನಲ್ಲಿ ಪಾಠ ಕೇಳಿದ್ದನ್ನು ನೆನೆದರೆ ಆ ವ್ಯವಸ್ಥೆಯನ್ನು ಊಹಿಸಬಹುದು. ತಾಯಿ ಝೋನಾ ರಾಬರ್ಟ್ಸ್ ಒತ್ತಾಯಿಸಿ ಅವನನ್ನು ವಾರಕ್ಕೊಮ್ಮೆ ಶಾಲೆಗೆ ಕರೆದೊಯ್ದರು. ಎಲ್ಲರೂ ದಿಟ್ಟಿಸುತ್ತಾರೆಂಬ ಅಂಜಿಕೆಯನ್ನು ಅಲ್ಲಿಯೇ ಗೆದ್ದ. ಆದರೆ ಕೊನೆಗೆ ಪ್ರಮಾಣಪತ್ರ ಕೊಡುವಾಗ ಶಾಲೆಯವರು ತಕರಾರು ತೆಗೆದರು. ಕಾರಣ ಏನು ಗೊತ್ತೇ? ಅವನು ದೈಹಿಕ ಶಿಕ್ಷಣ ಮತ್ತು ವಾಹನ ಚಾಲನೆಯ ತರಗತಿಗಳನ್ನು ಪೂರೈಸಿಲ್ಲವಂತೆ! ತಾಯಿ ಶಾಲಾ ಮಂಡಳಿಯವರೆಗೂ ಹೋಗಿ ಹೋರಾಡಿ ಮಗನಿಗೆ ಪ್ರಮಾಣಪತ್ರ ಕೊಡಿಸಿದರು.

ಸ್ಥಳೀಯ ಕಾಲೇಜಿನಲ್ಲಿ ಓದಿ, ರಾಜ್ಯಶಾಸ್ತ್ರದ ವ್ಯಾಸಂಗಕ್ಕೆ ಬರ್ಕ್ಲಿಗೆ ಹೋಗಬೇಕೆಂದಾಗ ಎರಡು ಅಡ್ಡಿಗಳು ಎದುರಾದವು. ಮೊದಲನೆಯದು ಸರ್ಕಾರದ ಪುನರ್ವಸತಿ ಇಲಾಖೆ. ಅಂಗವಿಕಲರ ವ್ಯಾಸಂಗದ ವೆಚ್ಚ ಕೊಡುವುದೇ ಅದರ ಕೆಲಸ. ಆದರೆ ಇಷ್ಟು ತೀವ್ರ ಅಂಗವೈಕಲ್ಯ ಇರುವವನು ಎಂದೂ ದುಡಿಯಲಾರ, ಅವನ ಮೇಲೆ ಹಣ ಹಾಕುವುದು ದಂಡ ಎಂದು ಅಲ್ಲಿಯ ಸಲಹೆಗಾರ ನಿರಾಕರಿಸಿದ. ವಿಷಯ ಪತ್ರಿಕೆಗಳಿಗೆ ಹೋದ ಮೇಲೆ ಇಲಾಖೆ ಮಣಿಯಿತು. ಎರಡನೆಯದು ವಿಶ್ವವಿದ್ಯಾಲಯ. ಇಂಥವರನ್ನು ಹಿಂದೆ ಸೇರಿಸಿಕೊಂಡು ನೋಡಿದ್ದೇವೆ, ಅದು ನಡೆಯಲಿಲ್ಲ ಎಂದು ಅಲ್ಲಿಯ ಅಧಿಕಾರಿಯೊಬ್ಬರು ಅಂದ ಮಾತು ಇಂದಿಗೂ ಕುಪ್ರಸಿದ್ಧ. ಆ ಭಾರದ ಉಸಿರಾಟ ಯಂತ್ರವನ್ನು ಹೊರುವ ವಿದ್ಯಾರ್ಥಿ ನಿಲಯವೂ ಅಲ್ಲಿರಲಿಲ್ಲ. ಕೊನೆಗೆ ವಿದ್ಯಾರ್ಥಿಗಳ ಆರೋಗ್ಯ ಸೇವೆಯ ಮುಖ್ಯಸ್ಥರಾಗಿದ್ದ ಡಾ. ಹೆನ್ರಿ ಬ್ರುಯ್ನ್, ವಿಶ್ವವಿದ್ಯಾಲಯದ ಕವೆಲ್ ಆಸ್ಪತ್ರೆಯಲ್ಲಿಯೇ ಇರಲು ಜಾಗ ಕೊಟ್ಟರು. ಎಡ್ ಒಂದು ಷರತ್ತು ಹಾಕಿದ: ನಾನಿರುವ ಜಾಗವನ್ನು ರೋಗಿಯ ವಾರ್ಡಿನಂತೆ ನೋಡಬಾರದು, ವಿದ್ಯಾರ್ಥಿಯ ಕೋಣೆಯಂತೆ ನೋಡಬೇಕು.

ಮರುವರ್ಷ ಜಾನ್ ಹೆಸ್ಲರ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಬಂದ. 1960ರ ದಶಕದ ಕೊನೆಯ ಹೊತ್ತಿಗೆ ಅಂಥವರು ಹತ್ತು ಹನ್ನೆರಡು ಮಂದಿಯಾದರು. ತಮ್ಮನ್ನು 'ರೋಲಿಂಗ್ ಕ್ವಾಡ್ಸ್' ಎಂದು ಕರೆದುಕೊಂಡರು. ಗಾಲಿಗಳ ಮೇಲೆ ಉರುಳುವ ಗೆಳೆಯರ ಬಳಗವೆಂದು ಅರ್ಥ ಮಾಡಿಕೊಳ್ಳಿ. ಏಳಿಸಲು, ಸ್ನಾನ ಮಾಡಿಸಲು, ಉಣಿಸಲು ಅವರಿಗೆ ಸಹಾಯಕರು ಬೇಕಿದ್ದರು. ಆ ಸಹಾಯಕರನ್ನು ಅವರೇ ಆಯ್ದುಕೊಳ್ಳುತ್ತಿದ್ದರು, ಕೆಲಸ ಹೇಳಿಕೊಡುತ್ತಿದ್ದರು, ಸರಿಬರದಿದ್ದರೆ ಬಿಡಿಸುತ್ತಿದ್ದರು. ಎಷ್ಟು ಹೊತ್ತಿಗೆ ಮಲಗಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ದಾದಿ ಹೇಳುವ ಕಾಲ ಮುಗಿಯಿತು.

ಈ ಸಣ್ಣ ಬದಲಾವಣೆಯಲ್ಲಿ ಒಂದು ದೊಡ್ಡ ವಿಚಾರವಿದೆ. ಅದುವರೆಗೆ ಸ್ವಾವಲಂಬನೆ ಎಂದರೆ ತನ್ನ ಕೆಲಸವನ್ನು ತನ್ನ ಕೈಯಿಂದಲೇ ಮಾಡಿಕೊಳ್ಳುವುದು ಎಂದಿತ್ತು. ಎರಡನೆಯ ಮಹಾಯುದ್ಧದ ನಂತರ, 1948ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟಿಮ್ ನ್ಯೂಜೆಂಟ್ ಎಂಬವರು ಗಾಯಗೊಂಡ ಸೈನಿಕರೂ ಸೇರಿದಂತೆ ಅಂಗವಿಕಲರಿಗಾಗಿ ಮಹತ್ವದ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿದ್ದರು. ಅಲ್ಲಿಯೂ ಒತ್ತು ಇದ್ದದ್ದು ಇದರ ಮೇಲೆಯೇ. ಆ ಅಳತೆಗೋಲಿನಿಂದ ನೋಡಿದರೆ ಎರಡು ಬೆರಳು ಮಾತ್ರ ಆಡುವ ಎಡ್ ಎಂದೆಂದಿಗೂ ಪರಾವಲಂಬಿಯೇ. ಬರ್ಕ್ಲಿಯ ಹುಡುಗರು ಅಳತೆಗೋಲನ್ನೇ ಬದಲಿಸಿದರು. ಕೆಲಸವನ್ನು ಯಾರ ಕೈ ಮಾಡಿತು ಎಂಬುದು ಮುಖ್ಯವಲ್ಲ, ಯಾರ ತೀರ್ಮಾನದಂತೆ ನಡೆಯಿತು ಎಂಬುದು ಮುಖ್ಯ ಎಂದರು. ಯೋಚಿಸಿ ನೋಡಿ, ರಾಜರು ತಮ್ಮ ಪಾದರಕ್ಷೆಯನ್ನೂ ತಾವೇ ಹಾಕಿಕೊಳ್ಳುತ್ತಿರಲಿಲ್ಲ. ಅವರನ್ನು ಯಾರೂ ಪರಾವಲಂಬಿಗಳೆನ್ನಲಿಲ್ಲ!

1969ರ ಹೊತ್ತಿಗೆ ಈ ವಿಚಾರಕ್ಕೆ ಪರೀಕ್ಷೆ ಎದುರಾಯಿತು. ಪುನರ್ವಸತಿ ಇಲಾಖೆಯ ಹೊಸ ಸಲಹೆಗಾರ್ತಿಯೊಬ್ಬರು, ಓದಿನಲ್ಲಿ ನಿಗದಿತ ವೇಗ ತೋರದ ಇಬ್ಬರು ವಿದ್ಯಾರ್ಥಿಗಳನ್ನು ಹೊರಹಾಕಲು ಮುಂದಾದರು. ವಿದ್ಯಾರ್ಥಿಗಳೆಲ್ಲ ಒಗ್ಗಟ್ಟಾಗಿ ನಿಂತು, ಪತ್ರಿಕೆಗಳಿಗೆ ಹೋಗಿ, ಪ್ರತಿಭಟಿಸಿದರು. ಹೊರಹೋದದ್ದು ವಿದ್ಯಾರ್ಥಿಗಳಲ್ಲ, ಆ ಅಧಿಕಾರಿಯೇ ವರ್ಗವಾದರು. ಆರೋಗ್ಯವಂತ ವಿದ್ಯಾರ್ಥಿಗೆ ಒಂದು ವಿಷಯದಲ್ಲಿ ಹಿಂದೆ ಬೀಳುವ, ಮನಸ್ಸು ಬದಲಿಸುವ, ತಪ್ಪು ಮಾಡುವ ಸ್ವಾತಂತ್ರ್ಯ ಇದೆ. ನಮಗೇಕಿಲ್ಲ ಎಂಬುದು ಅವರ ವಾದದ ತಿರುಳಾಗಿತ್ತು.

ಆ ಕಾಲದ ಒಂದು ಸ್ವಾರಸ್ಯವನ್ನೂ ಹೇಳಿಬಿಡುತ್ತೇನೆ. ವಿದ್ಯುತ್ ಚಾಲಿತ ಗಾಲಿಕುರ್ಚಿಯನ್ನು ನಡೆಸಲು ನಿನ್ನ ಬೆರಳುಗಳಲ್ಲಿ ಶಕ್ತಿ ಸಾಲದು ಎಂದು ತಿಳಿದವರೆಲ್ಲ ಎಡ್‌ಗೆ ಹೇಳಿದ್ದರು. ಅವನೂ ಒಪ್ಪಿಕೊಂಡಿದ್ದ. ಮುಂದೆ ಒಬ್ಬ ಹುಡುಗಿಯನ್ನು ಪ್ರೀತಿಸಿದಾಗ ಪೇಚಾಟ ಶುರುವಾಯಿತು. ಇಬ್ಬರೇ ಇರಬೇಕಾದ ಹೊತ್ತಿನಲ್ಲೂ ಕುರ್ಚಿ ತಳ್ಳುವವನೊಬ್ಬ ಬೆನ್ನ ಹಿಂದೆ! ಮತ್ತೊಮ್ಮೆ ಪ್ರಯತ್ನಿಸಿದಾಗ, ಕುರ್ಚಿಯ ನಿಯಂತ್ರಕವನ್ನು ತಿರುಗಿಸಿಟ್ಟರೆ ಮುಂದಕ್ಕೆ ನೂಕುವ ಬದಲು ಹಿಂದಕ್ಕೆ ಎಳೆದು ನಡೆಸಬಹುದೆಂದು ಗೊತ್ತಾಯಿತು. ಎಳೆಯುವ ಶಕ್ತಿ ಆ ಎರಡು ಬೆರಳುಗಳಿಗಿತ್ತು. ಇದನ್ನು ಓದಿದಾಗ ನನಗೆ "ಬೆಸುಗೆ ಹಾಕೋದು ಕೂತ್ಕೊಂಡು ಮಾಡೋ ಕೆಲಸ ಅಲ್ವಾ ಸಾರ್" ಎಂಬ ಮಾತು ಕಿವಿಯಲ್ಲಿ ಮೊಳಗಿತು.

1970ರಲ್ಲಿ ಬರ್ಕ್ಲಿಯಲ್ಲಿ ಅಂಗವಿಕಲ ವಿದ್ಯಾರ್ಥಿಗಳ ಕಾರ್ಯಕ್ರಮವೊಂದು ಸರ್ಕಾರದ ಧನಸಹಾಯದಿಂದ ಆರಂಭವಾಯಿತು. ಅದನ್ನು ನಡೆಸಿದವರು ಅಂಗವಿಕಲರೇ. ಸಹಾಯಕರನ್ನು ಹುಡುಕಿಕೊಡುವುದು, ಮನೆ ಹುಡುಕುವುದು, ಗಾಲಿಕುರ್ಚಿ ರಿಪೇರಿ, ಇಂಥ ದಿನನಿತ್ಯದ ಕೆಲಸಗಳೇ ಅದರ ಸೇವೆ. ವಿದ್ಯಾರ್ಥಿಗಳಲ್ಲದವರೂ ಬಾಗಿಲು ತಟ್ಟತೊಡಗಿದಾಗ 1972ರಲ್ಲಿ ಊರಿಗೆಲ್ಲ ಅನ್ವಯಿಸುವಂತೆ 'ಸ್ವತಂತ್ರ ಜೀವನ ಕೇಂದ್ರ' ಹುಟ್ಟಿತು. ಮುಂದೆ ಅಂಥ ನೂರಾರು ಕೇಂದ್ರಗಳು ಅಮೆರಿಕದಲ್ಲೂ ಹೊರದೇಶಗಳಲ್ಲೂ ತಲೆಯೆತ್ತಿದವು. 1970ರ ದಶಕದ ನಡುವಿನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಜೆರಿ ಬ್ರೌನ್ ರಾಜ್ಯದ ಪುನರ್ವಸತಿ ಇಲಾಖೆಗೆ ಹೊಸ ನಿರ್ದೇಶಕರನ್ನು ನೇಮಿಸಿದರು. ಯಾರನ್ನು ಎನ್ನುತ್ತೀರಿ? ಎಂದೂ ದುಡಿಯಲಾರನೆಂದು ಅದೇ ಇಲಾಖೆ ಷರಾ ಬರೆದಿದ್ದ ಎಡ್ ರಾಬರ್ಟ್ಸ್ ಅವರನ್ನು!

ಶಿಕ್ಷಕನಾದ ನನ್ನನ್ನು ಇನ್ನೂ ಹತ್ತಿರದಿಂದ ತಟ್ಟಿದ್ದು ಜುಡಿತ್ ಹ್ಯೂಮನ್ ಅವರ ಕಥೆ. 1947ರಲ್ಲಿ ಹುಟ್ಟಿದ ಅವರಿಗೂ ಕೂಸಾಗಿದ್ದಾಗಲೇ ಪೋಲಿಯೊ. ಐದನೆಯ ವಯಸ್ಸಿಗೆ ನ್ಯೂಯಾರ್ಕಿನ ಶಾಲೆಯವರು, ಗಾಲಿಕುರ್ಚಿಯ ಮಗುವಿದ್ದರೆ ಬೆಂಕಿ ಅವಘಡದ ಸಮಯದಲ್ಲಿ ಅಪಾಯವೆಂದು ಹೇಳಿ ಹಿಂದೆ ಕಳಿಸಿದರು. ಛಲದಿಂದ ಓದಿ ಶಿಕ್ಷಕಿಯಾಗಲು ಹೊರಟಾಗ ಲಿಖಿತ, ಮೌಖಿಕ ಪರೀಕ್ಷೆಗಳಲ್ಲಿ ಉತ್ತೀರ್ಣರಾದರೂ, ನಡೆಯಲಾರರೆಂಬ ಕಾರಣಕ್ಕೆ ವೈದ್ಯಕೀಯ ಪರೀಕ್ಷೆಯಲ್ಲಿ ಅನುತ್ತೀರ್ಣಗೊಳಿಸಿದರು. 1970ರಲ್ಲಿ ಅವರು ಶಿಕ್ಷಣ ಮಂಡಳಿಯ ಮೇಲೆ ದಾವೆ ಹೂಡಿದರು. ಮಂಡಳಿ ಮಣಿದು ಪರವಾನಗಿ ಕೊಟ್ಟಿತು. ಮೂರು ವರ್ಷ ಪಾಠ ಮಾಡಿ, ಎಡ್ ಅವರ ಕರೆಯ ಮೇರೆಗೆ ಬರ್ಕ್ಲಿಗೆ ಹೋದರು.

1973ರ ಪುನರ್ವಸತಿ ಕಾಯಿದೆಯಲ್ಲಿ 504ನೆಯ ವಿಧಿ ಎಂಬುದಿತ್ತು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಾಲೆ, ಆಸ್ಪತ್ರೆ, ಕಚೇರಿಯೂ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದೆಂಬುದು ಅದರ ಸಾರ. ಕಾಯಿದೆ ಬಂತು, ನಿಯಮಾವಳಿಗೆ ಸಹಿ ಬೀಳಲಿಲ್ಲ. ನಾಲ್ಕು ವರ್ಷ ಕಾದರು. 1977ರ ಏಪ್ರಿಲ್ 5ರಂದು ಹಲವು ನಗರಗಳಲ್ಲಿ ಪ್ರತಿಭಟನೆ ಆರಂಭವಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದಲ್ಲಿ ಹ್ಯೂಮನ್, ಕಿಟ್ಟಿ ಕೋನ್ ಮೊದಲಾದವರ ನೇತೃತ್ವದಲ್ಲಿ ನೂರಕ್ಕೂ ಮಿಕ್ಕಿದ ಜನ ಒಳಹೊಕ್ಕವರು ಹೊರಬರಲಿಲ್ಲ. ತಮ್ಮ ಔಷಧ, ಸಹಾಯಕರು, ಹಾಸಿಗೆ ಯಾವುದೂ ಸರಿಯಾಗಿಲ್ಲದೆ ವಾರಗಟ್ಟಲೆ ಅಲ್ಲಿಯೇ ಉಳಿದರು. ಕಪ್ಪು ಜನರ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಿಸಿ ಊಟ ತಂದುಕೊಡುತ್ತಿದ್ದರು. ಏಪ್ರಿಲ್ 28ರಂದು ಸಚಿವ ಜೋಸೆಫ್ ಕ್ಯಾಲಿಫಾನೊ ಸಹಿ ಹಾಕಿದರು. ನಮ್ಮ ನಾಡಿನ ಸತ್ಯಾಗ್ರಹವನ್ನು ಬಲ್ಲ ನಮಗೆ ಇದು ಪರಕೀಯವೆನಿಸದು.

1990ರಲ್ಲಿ ಅಲ್ಲಿಯ ಶಿಕ್ಷಣ ಕಾಯಿದೆಗೆ ಬಂದ ತಿದ್ದುಪಡಿಯನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಂಗವಿಕಲ ವಿದ್ಯಾರ್ಥಿಗೆ ಹದಿನಾರು ವರ್ಷವಾಗುವ ಹೊತ್ತಿಗೆ, ಶಾಲೆ ಮುಗಿದ ನಂತರದ ಬದುಕಿಗಾಗಿ ಯೋಜನೆ ಮಾಡಬೇಕು, ಆ ಯೋಜನೆ ವಿದ್ಯಾರ್ಥಿಯ ಇಷ್ಟ ಮತ್ತು ಆಸಕ್ತಿಯನ್ನು ಆಧರಿಸಬೇಕು ಎನ್ನುತ್ತದೆ ಆ ಕಾಯಿದೆ. ಆ ಸಭೆಗೆ ವಿದ್ಯಾರ್ಥಿಯನ್ನು ಕರೆಯಲೇಬೇಕೆಂದು ಅದರ ನಿಯಮಗಳು ವಿಧಿಸುತ್ತವೆ. 1988ರಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಾನು ನಡೆಸಿದ್ದೂ ಅಂಥದೇ ಒಂದು ಸಭೆ. ವಿದ್ಯಾರ್ಥಿ ಅಲ್ಲಿಯೇ ಇದ್ದ. ಕರೆದವರು ಮಾತ್ರ ಯಾರೂ ಇರಲಿಲ್ಲ.

ನಮ್ಮ ದೇಶದ ಕಥೆಯೂ ಇದಕ್ಕೆ ಹೊರತಲ್ಲ. ಅಮೆರಿಕದಲ್ಲಿ ಓದಿ ಬಂದಿದ್ದ ಜಾವೇದ್ ಆಬಿದಿ ಎಂಬ ಗಾಲಿಕುರ್ಚಿಯ ಪತ್ರಕರ್ತರು ಮತ್ತು ಅವರ ಸಂಗಾತಿಗಳು ದೆಹಲಿಯಲ್ಲಿ ಒತ್ತಾಯಿಸಿದ ಮೇಲೆ 1995ರ ಡಿಸೆಂಬರಿನಲ್ಲಿ ಸಂಸತ್ತು ಅಂಗವಿಕಲರ ಮೊದಲ ಕಾಯಿದೆಯನ್ನು ಅಂಗೀಕರಿಸಿತು. ವಿಶ್ವಸಂಸ್ಥೆಯ 2006ರ ಒಡಂಬಡಿಕೆಗೆ ಭಾರತ 2007ರಲ್ಲಿ ಅನುಮೋದನೆ ನೀಡಿತು. ಅದಕ್ಕೆ ಅನುಗುಣವಾಗಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡ 5ರಷ್ಟು ಸ್ಥಾನಗಳನ್ನು ಕಾದಿರಿಸುತ್ತದೆ. ಇದೆಲ್ಲ ಸರಿ. ಆದರೆ ನನಗೆ ಮುಖ್ಯವಾಗಿ ಕಂಡದ್ದು ಅದರ ಪೀಠಿಕೆಯ ಮೊದಲ ತತ್ತ್ವ. ವ್ಯಕ್ತಿಯ ಘನತೆ, ಸ್ವಾಯತ್ತತೆ ಮತ್ತು ತನ್ನ ಆಯ್ಕೆಯನ್ನು ತಾನೇ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಗೌರವಿಸಬೇಕು ಎಂಬುದೇ ಅದು. ಮೀಸಲಾತಿ, ಪಿಂಚಣಿ, ರ‍್ಯಾಂಪು ಎಲ್ಲ ಆಮೇಲಿನ ಮಾತು.

ನಿಮ್ಮಲ್ಲಿ ಕೆಲವರು ಕೇಳಬಹುದು, "ಸಾರ್, ಹದಿನೈದು ವರ್ಷದ ಹುಡುಗನಿಗೆ ಏನು ತಿಳಿಯುತ್ತೆ? ನಮ್ಮನ್ನೂ ಯಾರೂ ಕೇಳಲಿಲ್ಲ, ಅಪ್ಪ ಹೇಳಿದ್ದನ್ನು ಓದಿದೆವು" ಎಂದು. ಮಾತು ನಿಜ. ನಮ್ಮ ಮನೆಗಳಲ್ಲಿ ತೀರ್ಮಾನಗಳು ಒಟ್ಟಾಗಿಯೇ ಆಗುತ್ತವೆ, ಅದರಲ್ಲಿ ತಪ್ಪಿಲ್ಲ. ಬಡತನವೂ ಒಂದು ಮಾತು ಹೇಳುತ್ತದೆ. ಕೇಳಿದ್ದರೂ ಅವನಿಗೆ ಪಾಲಿಟೆಕ್ನಿಕ್ ಸೀಟು ಸಿಗುತ್ತಿತ್ತೆಂದಾಗಲಿ, ಓದಿ ಇದಕ್ಕಿಂತ ಸುಖವಾಗಿರುತ್ತಿದ್ದನೆಂದಾಗಲಿ ನಾನು ಹೇಳಲಾರೆ. ಬಹುಶಃ ನನ್ನ ಸಲಹೆಯೇ ಲಾಭದ್ದಾಗಿತ್ತು.

ಆದರೆ ಒಂದು ಸಂಗತಿಯನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಹತ್ತನೆಯ ತರಗತಿಯ ಕೊನೆಯ ಪೀರಿಯಡ್ಡುಗಳಲ್ಲಿ ನಾನು ಬೆಂಚು ಬೆಂಚಿಗೂ ಹೋಗಿ "ಮುಂದೆ ಏನಾಗ್ತೀಯೋ?" ಎಂದು ಕೇಳುತ್ತಿದ್ದುದು ನಿಮಗೆಲ್ಲ ನೆನಪಿರಬಹುದು. ಪೊಲೀಸು, ಡಾಕ್ಟರು, ಬಸ್ ಕಂಡಕ್ಟರು ಎಂದು ನೀವು ಕೂಗುತ್ತಿದ್ದಿರಿ. ಆ ವರ್ಷ ಮೊದಲ ಬೆಂಚಿನ ತುದಿಯಲ್ಲಿ ಕುಳಿತಿದ್ದ ಅವನನ್ನು ಮಾತ್ರ ದಾಟಿ ಮುಂದೆ ಹೋದೆ. ಕೇಳಿದರೆ ನೊಂದುಕೊಂಡಾನು ಎಂದು ಹಾಗೆ ಮಾಡಿದೆ. ಅವನಿಗೂ ಒಂದು ಆಸೆ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಐವತ್ತು ಮಂದಿಯ ನಡುವೆ ಒಬ್ಬನನ್ನೇ ಬಿಟ್ಟೆನಲ್ಲ, ಅದನ್ನು ಯಾವ ಲಾಭದ ಲೆಕ್ಕದಿಂದಲೂ ಸರಿದೂಗಿಸಲಾಗದು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಶಿಕ್ಷಕರು. ನೀವೆಲ್ಲ ನನಗಿಂತ ಹೆಚ್ಚು ತರಬೇತಿ ಪಡೆದವರು. ನಿಮ್ಮ ತರಗತಿಯಲ್ಲಿ ಅಂಥ ಮಗುವಿದ್ದರೆ ಮೊದಲು ಮಗುವನ್ನೇ ಕೇಳಿ. ಎಲ್ಲಿ ಕೂರುತ್ತೀ, ಪ್ರವಾಸಕ್ಕೆ ಬರುತ್ತೀಯಾ, ಪರೀಕ್ಷೆಗೆ ಬರೆಯುವವರು ಬೇಕಾ, ಯಾರಾದರೆ ಆದೀತು, ಮುಂದೆ ಏನು ಓದುತ್ತೀ? ಉತ್ತರದಂತೆ ಎಲ್ಲವೂ ನಡೆಯದಿರಬಹುದು. ಉತ್ತರ ಬರಲು ಹೊತ್ತೂ ಹಿಡಿಯಬಹುದು. ಏಕೆಂದರೆ ಎಂದೂ ಕೇಳಿಸಿಕೊಳ್ಳದ ಮಗುವಿಗೆ ಹೇಳುವ ಅಭ್ಯಾಸವೇ ಇರುವುದಿಲ್ಲ. ಅದನ್ನು ಕಲಿಸುವುದೂ ನಮ್ಮ ಪಾಠವೇ.

ಎಡ್ ರಾಬರ್ಟ್ಸ್ 1995ರಲ್ಲಿ ತೀರಿಕೊಂಡರು. ಅವರ ಗಾಲಿಕುರ್ಚಿ ಅಮೆರಿಕದ ರಾಷ್ಟ್ರೀಯ ಇತಿಹಾಸ ಸಂಗ್ರಹಾಲಯದಲ್ಲಿದೆ. 2010ರಲ್ಲಿ ಬರ್ಕ್ಲಿಯಲ್ಲಿ ಅವರ ಹೆಸರಿನ ಕಟ್ಟಡವೊಂದು ತೆರೆಯಿತು. ಮೇಲಿನ ಮಹಡಿಗೆ ಸುತ್ತಿಕೊಂಡು ಏರುವ ದೊಡ್ಡ ಕೆಂಪು ಇಳಿಜಾರು ದಾರಿಯೇ ಅದರ ನಡುಮನೆ. ಜುಡಿತ್ ಹ್ಯೂಮನ್ 2023ರ ಮಾರ್ಚಿನಲ್ಲಿ ಕಾಲವಾದರು.

ಈ ಲೇಖನ ಹಾಕುವ ಮುನ್ನ ನನ್ನ ಆ ವಿದ್ಯಾರ್ಥಿಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ. ಹೆಸರು ಬೇಡ ಎಂದ, ಬಿಟ್ಟಿದ್ದೇನೆ. ಇನ್ನೊಂದು ತಿದ್ದುಪಡಿಯನ್ನೂ ಹೇಳಿದ. ಅವನ ಬಗ್ಗೆ ಬರೆಯುವಾಗ ಮೂರು ಕಡೆ 'ಪಾಪ' ಎಂಬ ಪದ ಬಳಸಿದ್ದೆನಂತೆ. "ಅವತ್ತು ನೀವು ಅಪ್ಪನ ಹತ್ರ ಅಂದದ್ದು ಇರ್ಲಿ ಸಾರ್, ಅದು ನಡೆದದ್ದು. ಉಳಿದೆರಡು ತೆಗೆದುಬಿಡಿ" ಎಂದ.

ತೆಗೆದಿದ್ದೇನೆ.